ಒರೆಸುವ ಮುನ್ನ ನೋಡಿ

ಡೇಟಾ ಸೆಂಟರ್‌ಗಳಲ್ಲಿ ರ‍್ಯಾಕ್‌ನಿಂದ ರ‍್ಯಾಕ್‌ಗೆ ಹರಿಯುವ ಬೆಳಕಿನ ದೊಡ್ಡ ಪಾಲು ಈಗ ಎಂಪಿಒ ಕನೆಕ್ಟರ್ ಮೂಲಕ ಹಾಯುತ್ತದೆ. 1980ರ ದಶಕದಲ್ಲಿ ಜಪಾನಿನ ಎನ್‌ಟಿಟಿ ರೂಪಿಸಿದ ಎಂಟಿ ಫೆರೂಲ್ ಅದರ ತಿರುಳು. ಅದೇ ಜಾತಿಯ ಹೆಚ್ಚು ನಾಜೂಕಿನ ತಯಾರಿಯನ್ನು ಅಮೆರಿಕದ ಯುಎಸ್ ಕಾನೆಕ್ ಕಂಪನಿ ಎಂಟಿಪಿ ಎಂಬ ಹೆಸರಿನಲ್ಲಿ ಮಾರುತ್ತದೆ. 6.4 ಮಿ.ಮೀ. ಅಗಲ, 2.5 ಮಿ.ಮೀ. ಎತ್ತರದ ಈ ಪ್ಲಾಸ್ಟಿಕ್ ಫೆರೂಲ್‌ನಲ್ಲಿ 12 ಗಾಜಿನ ಎಳೆಗಳು ಕಾಲು ಮಿಲಿಮೀಟರ್‌ಗೊಂದರಂತೆ ಸಾಲಾಗಿ ಕೂತಿರುತ್ತವೆ. ಇದರ ನಿರ್ವಹಣೆ ಎಂದೊಡನೆ ಎಲ್ಲರ ಕೈ ಕ್ಲೀನರ್ ಕಡೆಗೇ ಹೋಗುತ್ತದೆ. ನನ್ನ ವಾದ ಇಷ್ಟೇ: ಈ ಕನೆಕ್ಟರ್‌ನ ನಿರ್ವಹಣೆ ಮೊದಲು ನೋಡುವ ಕೆಲಸ, ಆಮೇಲೆ ಒರೆಸುವ ಕೆಲಸ. ನೋಡದೆ ಒರೆಸಿದರೆ ಕೆಲಸ ಅರ್ಧವಾಗುತ್ತದೆ. ಒಮ್ಮೊಮ್ಮೆ ಇದ್ದದ್ದೂ ಕೆಡುತ್ತದೆ.

ತಪಾಸಣೆಯ ಸೂಕ್ಷ್ಮದರ್ಶಕದಲ್ಲಿ, ಅಂದರೆ ಸ್ಕೋಪ್‌ನಲ್ಲಿ, ಕನೆಕ್ಟರ್‌ನ ಮುಖ ನೋಡಿದರೆ ಇದಕ್ಕೆ ಕಾರಣ ಗೊತ್ತಾಗುತ್ತದೆ. ಹಿನ್ನೆಲೆಯಲ್ಲಿ ಚುಕ್ಕೆಚುಕ್ಕೆಯಾಗಿ ಒರಟಾಗಿ ಕಾಣುವುದು ಫೆರೂಲ್‌ನ ಪ್ಲಾಸ್ಟಿಕ್. ಅದರ ನಡುವೆ ನುಣುಪಾದ ವೃತ್ತಗಳು, ಒಂದೊಂದೂ 125 ಮೈಕ್ರಾನ್ ಅಡ್ಡಳತೆಯ ಗಾಜು. ಬೆಳಕು ಹರಿಯುವ ಕೋರ್ ಆ ಗಾಜಿನ ಮಧ್ಯದಲ್ಲಿದೆ: ಮಲ್ಟಿಮೋಡ್‌ನಲ್ಲಿ 50 ಮೈಕ್ರಾನ್, ಸಿಂಗಲ್ ಮೋಡ್‌ನಲ್ಲಿ ಸುಮಾರು 9. ಗಾಜಿನ ತುದಿಗಳು ಪ್ಲಾಸ್ಟಿಕ್‌ಗಿಂತ ಕೆಲವೇ ಮೈಕ್ರಾನ್ ಮುಂದೆ ಚಾಚಿರುತ್ತವೆ. ಸಾಲಿನ ಎರಡೂ ಬದಿಗೆ 0.7 ಮಿ.ಮೀ. ದಪ್ಪದ ಪಿನ್‌ಗಳು, ಎದುರಿನ ಕನೆಕ್ಟರ್‌ನಲ್ಲಿ ಅವು ಹೊಗುವ ರಂಧ್ರಗಳು. ಒಳಗಿನ ಸ್ಪ್ರಿಂಗ್ ಹೆಚ್ಚುಕಡಿಮೆ ಒಂದು ಕಿಲೋ ತೂಕದಷ್ಟು ಒತ್ತಡದಲ್ಲಿ ಎರಡು ಮುಖಗಳನ್ನು ಒತ್ತಿ ಹಿಡಿಯುತ್ತದೆ. ಗಾಜಿಗೆ ಗಾಜು ತಾಗಿದರೆ ಬೆಳಕು ಸರಾಗವಾಗಿ ದಾಟುತ್ತದೆ. ನಡುವೆ ಗಾಳಿ ಸೇರಿಕೊಂಡರೆ ಗಾಜು–ಗಾಳಿ ಸೇರುವ ಪ್ರತಿ ಮೇಲ್ಮೈಯಲ್ಲೂ ಶೇ. 4ರಷ್ಟು ಬೆಳಕು ವಾಪಸ್ಸಾಗುತ್ತದೆ. ಒಂಟಿ ಎಳೆಯ ಎಲ್‌ಸಿ ಕನೆಕ್ಟರ್‌ನಲ್ಲಿ ಧೂಳಿನ ಕಣ ಕೆಡಿಸುವುದು ಆ ಒಂದು ಎಳೆಯನ್ನು. ಇಲ್ಲಿ ಪಿನ್‌ನ ಬುಡದಲ್ಲಿ ಸಿಕ್ಕಿಕೊಂಡ ಕಣ, ಯಾವ ಗಾಜಿನ ಮೇಲೂ ಇಲ್ಲದೆಯೇ, ಇಡೀ ಮುಖವನ್ನು ವಾಲಿಸಬಲ್ಲದು. ಪಂಕ್ತಿಯಲ್ಲಿ ಒಬ್ಬರ ಊಟ ಮುಗಿಯದೆ ಉಳಿದವರು ಏಳುವಂತಿಲ್ಲವಲ್ಲ, 40 ಗಿಗಾಬಿಟ್‌ನ ಎಸ್‌ಆರ್‌4 ಲಿಂಕ್‌ನ ಕಥೆಯೂ ಹಾಗೆಯೇ. ನಾಲ್ಕು ಎಳೆ ಕಳಿಸಲು, ನಾಲ್ಕು ಪಡೆಯಲು. ಅವುಗಳಲ್ಲಿ ಒಂದು ಕೈಕೊಟ್ಟರೂ ಲಿಂಕ್ ಬಿದ್ದಂತೆ.

ಲೆಕ್ಕವೂ ಇದನ್ನೇ ಹೇಳುತ್ತದೆ. 10 ಗಿಗಾಬಿಟ್‌ನ ಎಸ್‌ಆರ್ ಲಿಂಕ್ ಓಎಂ3 ದರ್ಜೆಯ ಮಲ್ಟಿಮೋಡ್ ಫೈಬರ್‌ನಲ್ಲಿ 300 ಮೀಟರ್‌ಗೆ 2.6 ಡೆಸಿಬಲ್ ನಷ್ಟ ತಡೆದುಕೊಳ್ಳುತ್ತಿತ್ತು. 40 ಗಿಗಾಬಿಟ್‌ಗೆ ಬರುವಾಗ ದೂರ 100 ಮೀಟರ್‌ಗೆ ಇಳಿಯಿತು, ಸಹಿಸಬಹುದಾದ ನಷ್ಟ 1.9 ಡೆಸಿಬಲ್ ಆಯಿತು. ಅದರಲ್ಲಿ 1.5 ಡೆಸಿಬಲ್ ಕನೆಕ್ಟರ್‌ಗಳ ಪಾಲು. ಅಂದರೆ ಕೇಬಲ್‌ನ ಉದ್ದ ಕಳೆಯುವುದು ಚಿಲ್ಲರೆ. ಬೆಳಕು ಉಳಿಯುವುದೋ ಹೋಗುವುದೋ ಎಂಬುದು ತೀರ್ಮಾನವಾಗುವುದು ಕೀಲುಗಳಲ್ಲಿ. ಒಂದು ಕೀಲಿನಲ್ಲಿ ಅರ್ಧ ಡೆಸಿಬಲ್ ಹೆಚ್ಚಾಗಿ ಹೋದರೆ ಶೇ. 11ರಷ್ಟು ಬೆಳಕು ಹೋದಂತೆ, ಕನೆಕ್ಟರ್‌ಗಳಿಗಿಟ್ಟ ಪಾಲಿನಲ್ಲಿ ಮೂರನೇ ಒಂದು ಭಾಗ ಮುಗಿದಂತೆ.

ಹೊಸ ಕೇಬಲ್, ಫ್ಯಾಕ್ಟರಿಯಿಂದ ಸೀಲ್ ಆಗಿ ಬಂದಿದೆ, ಕ್ಯಾಪ್ ತೆಗೆದು ಚುಚ್ಚಿದರೆ ಸಾಲದೇ ಎಂಬುದು ಮೊದಲ ಆಕ್ಷೇಪ. ಕ್ಯಾಪ್ ಇರುವುದು ಗೀರು ಬೀಳದಂತೆ ಕಾಯಲು. ಮುಖ ಶುಚಿಯಾಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅದೂ ಅಚ್ಚಿನಲ್ಲಿ ತೆಗೆದ ಪ್ಲಾಸ್ಟಿಕ್ಕೇ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು, ಉದುರಿದ ಪುಡಿ ಅದರೊಳಗೇ ಇರಬಹುದು. ಸಾಲದ್ದಕ್ಕೆ, ಪಿನ್ ರಂಧ್ರಕ್ಕೆ ಹೊಕ್ಕು ಹೊರಬರುವಾಗಲೆಲ್ಲ ಪ್ಲಾಸ್ಟಿಕ್ ಸವೆದು ಹೊಸ ಪುಡಿ ಹುಟ್ಟುತ್ತದೆ. ಹಾಗಿದ್ದರೆ ಪ್ರತಿ ಬಾರಿಯೂ ಕ್ಲೀನರ್ ಒತ್ತಿಬಿಟ್ಟರಾಯಿತು, ಸ್ಕೋಪ್ ಏಕೆ ಎಂಬುದು ಎರಡನೆಯ ಆಕ್ಷೇಪ, ಇನ್ನಷ್ಟು ಗಟ್ಟಿಯಾದದ್ದು. ಒತ್ತಿದಾಗ ಟಿಕ್ ಎನ್ನುವ ಆ ಕ್ಲೀನರ್‌ನ ಬಟ್ಟೆಯ ಪಟ್ಟಿ ಎಳೆಗಳ ಸಾಲಿನ ಮೇಲೆ ಚೆನ್ನಾಗಿಯೇ ಉಜ್ಜುತ್ತದೆ. ಪಿನ್‌ಗಳ ಬುಡಕ್ಕೆ ಮಾತ್ರ ಅದು ತಲುಪುವುದಿಲ್ಲ. ಕೈಯ ಎಣ್ಣೆ ಅಂಟಿದ್ದರೆ ಒಣ ಪಟ್ಟಿ ಅದನ್ನು ಒಂದು ಎಳೆಯಿಂದ ಇನ್ನೊಂದಕ್ಕೆ ಬಳಿಯುತ್ತದೆ. ಒಣ ಉಜ್ಜಾಟದಿಂದ ಮುಖದಲ್ಲಿ ಸ್ಥಿರ ವಿದ್ಯುತ್ ಹುಟ್ಟಿ, ಸುತ್ತಲಿನ ಧೂಳನ್ನು ಅದೇ ಕರೆದುಕೊಳ್ಳುತ್ತದೆ. ಆಲ್ಕೋಹಾಲ್ ಹೆಚ್ಚು ಸುರಿದರೆ ಅದು ರಂಧ್ರಗಳಲ್ಲಿ ನಿಂತು, ಆಮೇಲೆ ಜಿನುಗಿ, ಒಣಗುವಾಗ ಕಲೆ ಬಿಡುತ್ತದೆ. ಆದ್ದರಿಂದ ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತುಸುವೇ ತೇವ ಮಾಡಿದ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಜಾಗಕ್ಕೆ ಎಳೆಯುವುದು ಕ್ರಮ. ಯಾವ ಮುಖಕ್ಕೆ ತೇವ ಬೇಕು, ಯಾವುದಕ್ಕೆ ಒಣ ಪಟ್ಟಿ ಸಾಕು, ಯಾವುದನ್ನು ಮುಟ್ಟಲೇಬಾರದು ಎಂಬುದು ನೋಡಿದವರಿಗೆ ಮಾತ್ರ ಗೊತ್ತು. ಚೊಕ್ಕಟವಾಗಿರುವ ಮುಖವನ್ನು ಒರೆಸಿದರೆ ಅದು ಇನ್ನಷ್ಟು ಚೊಕ್ಕಟವಾಗುವುದಿಲ್ಲ, ಕೊಳೆಯಾಗುವ ಸಾಧ್ಯತೆಯಷ್ಟೇ ಉಳಿಯುತ್ತದೆ.

ಪವರ್ ಮೀಟರ್‌ನಲ್ಲಿ ನಷ್ಟ ಮಿತಿಯೊಳಗೇ ಬಂದಿದೆಯಲ್ಲ ಎನ್ನುವವರೂ ಇದ್ದಾರೆ. ಮೀಟರ್ ಹೇಳುವುದು ಈ ಕ್ಷಣದ ಅಂಕಿಯನ್ನು. ಕೋರ್‌ನ ಪಕ್ಕದಲ್ಲಿರುವ ಕಣ ಇಂದು ಬೆಳಕಿಗೆ ಅಡ್ಡ ಬಂದಿಲ್ಲದಿರಬಹುದು. ಮುಂದಿನ ಸಲ ಬಿಚ್ಚಿ ಕೂಡಿಸುವಾಗ ಸರಿದು ಕೋರ್ ಮೇಲೇ ಕೂರಬಹುದು. ಗಟ್ಟಿ ಕಣವಾದರೆ ಸ್ಪ್ರಿಂಗ್‌ನ ಒತ್ತಡಕ್ಕೆ ಗಾಜನ್ನೇ ಕೊರೆದು ಎರಡೂ ಕಡೆ ಗುಳಿ ಮಾಡುತ್ತದೆ, ಆಮೇಲೆ ಯಾವ ಕ್ಲೀನರ್‌ನಿಂದಲೂ ಉಪಯೋಗವಿಲ್ಲ. ಇನ್ನೊಂದು ಮಾತು: ಪರೀಕ್ಷೆಗೆ ಬಳಸುವ ರೆಫರೆನ್ಸ್ ಕೇಬಲ್‌ನ ಮುಖವೇ ಕೊಳೆಯಾಗಿದ್ದರೆ, ಪೋರ್ಟ್‌ನಿಂದ ಪೋರ್ಟ್‌ಗೆ ಕೊಳೆ ಹಂಚುತ್ತಾ ಹೋಗುವುದು ಆ ಪರೀಕ್ಷೆಯೇ. ಐಇಸಿ 61300-3-35 ಮಾನದಂಡ ಮುಖದ ಮೇಲಿನ ಗೀರು–ಕಲೆಗಳನ್ನು ಅಳತೆ, ಎಣಿಕೆಗಳಲ್ಲಿ ತೂಗುತ್ತದೆ. ಕೋರ್ ಬಳಿ ಬಿಗಿ, ಹೊರಗೆ ಸಡಿಲ. ಈ ತೀರ್ಪು ಸಿಗುವುದು ಚಿತ್ರದಿಂದಲೇ, ಮೀಟರಿನಿಂದಲ್ಲ.

ಸಮಯ ಹಿಡಿಯುತ್ತದೆ ಎಂಬ ದೂರು ನಿಜ. ಸಾವಿರಾರು ಪೋರ್ಟ್‌ಗಳಿರುವ ಕಡೆ ಕೇಬಲ್‌ನ ತುದಿಯನ್ನೂ ಪ್ಯಾನೆಲ್‌ನೊಳಗಿನ ತುದಿಯನ್ನೂ ನೋಡುತ್ತಾ ಕೂತರೆ ಕೆಲಸ ನಿಧಾನವಾಗುತ್ತದೆ. ಆದರೆ ಆಗೊಮ್ಮೆ ಈಗೊಮ್ಮೆ ಬಿದ್ದು ಏಳುವ ಲಿಂಕ್‌ಗೆ ಕಾರಣ ಹುಡುಕಲು ಹೊರಟರೆ, ಕೇಬಲ್, ಟ್ರಾನ್ಸೀವರ್, ಸ್ವಿಚ್ ಮೂರನ್ನೂ ಬದಲಿಸಿ ನೋಡಿದ ಮೇಲೂ ಕಣ ಇದ್ದಲ್ಲೇ ಇರಬಹುದು; ಬಿಚ್ಚಿ ಕೂಡಿಸುವಾಗಲೆಲ್ಲ ಅದು ಹೊಸ ಭಾಗಕ್ಕೂ ದಾಟಬಹುದು. ಲೆನ್ಸ್‌ನಿಂದ ಬೆಳಕನ್ನು ಅಗಲಿಸಿ ದಾಟಿಸುವ ಕನೆಕ್ಟರ್‌ಗಳಲ್ಲಿ ಧೂಳಿನ ಕಾಟ ಕಡಿಮೆ ಎಂಬುದನ್ನು ಒಪ್ಪಬೇಕು. ಅಂಥವು ಎಲ್ಲೆಡೆ ಬಂದ ದಿನ ಈ ವಾದದ ಬಿಗಿ ಸಡಿಲವಾಗಬಹುದು. ಈಗ ಪ್ಯಾನೆಲ್‌ಗಳ ತುಂಬಾ ಇರುವುದು ಗಾಜಿಗೆ ಗಾಜು ತಾಗಬೇಕಾದ ಎಂಪಿಒಗಳೇ. ಆದ್ದರಿಂದ ಖರೀದಿ ಪಟ್ಟಿ ಬರೆಯುವವರು ಕ್ಲೀನರ್‌ಗಿಂತ ಮೊದಲು ಸ್ಕೋಪ್ ಬರೆಯಲಿ. ಅದು 12 ಎಳೆಗಳನ್ನೂ ಪಿನ್‌ಗಳ ಸುತ್ತಲಿನ ಜಾಗವನ್ನೂ ತೋರಿಸುವಂಥದ್ದೇ ಆಗಿರಲಿ. ಕೆಲಸ ಒಪ್ಪಿಸಿಕೊಳ್ಳುವಾಗ ನಷ್ಟದ ಅಂಕಿಯ ಜೊತೆಗೆ ಪ್ರತಿ ಮುಖದ ಚಿತ್ರವನ್ನೂ ಕೇಳಿ ಪಡೆಯಲಿ. ಚಿತ್ರ ಕೊಡಲಾಗದ ಗುತ್ತಿಗೆದಾರರು ಮುಖ ನೋಡಿಲ್ಲ ಎಂದೇ ತಿಳಿಯಬೇಕು.