ಗೊಡೈವಾ: ಐತಿಹ್ಯವೂ ಹೆಸರೂ

ಗೊಡೈವಾ ಎಂದೊಡನೆ ನೆನಪಿಗೆ ಬರುವುವು ಕುದುರೆ, ಕೇಶರಾಶಿ, ನಗ್ನತೆ. ಕಥೆಗೆ ಕಾರಣವಾದ ಸುಂಕವನ್ನು ಕುರಿತು ಕೇಳುವವರು ವಿರಳ. ಈ ಮರೆವು ಹೇಗೆ ಬೆಳೆಯಿತೆಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಗಾಡ್‌ಗಿಫು ಎಂಬ ಪ್ರಾಚೀನ ಆಂಗ್ಲ ನಾಮಕ್ಕೆ ‘ದೇವರ ಕೊಡುಗೆ’ ಎಂದರ್ಥ. ಗೊಡೈವಾ ಎಂಬುದು ಅದರ ಲ್ಯಾಟಿನ್ ರೂಪ. ಈಕೆ 1057ರಲ್ಲಿ ಮಡಿದ ಮರ್ಸಿಯಾದ ಅರ್ಲ್ ಲಿಯೋಫ್ರಿಕನ ಪತ್ನಿ. ಕಾವೆಂಟ್ರಿಯ ಕ್ರೈಸ್ತ ಮಠಕ್ಕೆ ಈ ದಂಪತಿಗಳು ಮಹಾಪೋಷಕರು. 1086ರ ಡೂಮ್ಸ್‌ಡೇ ಗ್ರಂಥವಾದರೋ ಕಾವೆಂಟ್ರಿಯನ್ನು ಈಕೆಯದೇ ಹಿಡುವಳಿಯೆಂದು ದಾಖಲಿಸುತ್ತದೆ. ಊರು ತನ್ನದೇ ಆಗಿದ್ದಲ್ಲಿ ಸುಂಕ ಬಿಡಿಸಲು ಗಂಡನ ಪಣಕ್ಕೆ ಒಡಂಬಡುವ ಅಗತ್ಯವೇನಿತ್ತು? ಸವಾರಿಯ ಕಥೆ ಮೊದಲು ಕಾಣಿಸುವುದು 13ನೆಯ ಶತಮಾನದ ಸಂನ್ಯಾಸಿ ರೋಜರ್ ಆಫ್ ವೆಂಡೋವರನ ವೃತ್ತಾಂತದಲ್ಲಿ. ಅಲ್ಲಿಯೂ ಆಕೆ ಹೋಗುವುದು ನೆರೆದ ಸಂತೆಯ ನಡುವೆ, ಇಬ್ಬರು ಯೋಧರೊಡನೆ. ಮುಚ್ಚಿದ ಕಿಟಕಿಗಳೂ ಇಣುಕುವ ಟಾಮನೂ ಅನಂತರ ಬಂದು ಸೇರಿದವು.

1842ರಲ್ಲಿ ಪ್ರಕಟವಾದ ಟೆನಿಸನ್ನನ ಕವನ ಸುಂಕವನ್ನು ಮರೆತಿಲ್ಲವೆಂಬುದನ್ನು ಒಪ್ಪಲೇಬೇಕು. ಹಸಿವಿಗಂಜಿದ ತಾಯಂದಿರ ಮೊರೆ ಅಲ್ಲಿದೆ. ಆದರೆ ಕವಿಯ ಆಸ್ಥೆ ನಿಂತಿರುವುದು ಬೇರೆಡೆ. ಇಣುಕಿದ ಪಾಮರನ ಕಣ್ಣುಗಳನ್ನು ನೋಡುವ ಮೊದಲೇ ಇಂಗಿಸಿಬಿಡುವ ಕವಿ, ಆಕೆ ನಡುಪಟ್ಟಿಯನ್ನು ಸಡಿಲಿಸುವ ಗಳಿಗೆಯನ್ನು ಮಾತ್ರ ಓದುಗನ ಮುಂದೆ ಸಾವಕಾಶವಾಗಿ ಬಿಡಿಸಿಡುತ್ತಾನೆ. ಟಾಮನಿಗೆ ದಂಡನೆ, ಓದುಗನಿಗೆ ರಿಯಾಯಿತಿ! ಕವನದ ನೀತಿಗೂ ಅದರ ದೃಷ್ಟಿಗೂ ಇರುವ ಈ ವಿರಸವನ್ನು ಕವಿ ಗಮನಿಸಿದಂತೆ ನಮಗೆ ತೋರುವುದಿಲ್ಲ. ಮುಂದೆ ಟಾಮನ ಹೆಸರೇ ಇಂಗ್ಲಿಷಿನಲ್ಲಿ ಕದ್ದು ನೋಡುವವನಿಗೆ ರೂಢನಾಮವಾಯಿತು. ಮೈಕೇಲ್ ಪೋವೆಲ್ಲನ 1960ರ ಚಲನಚಿತ್ರಕ್ಕೂ ಅದೇ ಶೀರ್ಷಿಕೆ. ಮೂಲದಲ್ಲಿಲ್ಲದವನೇ ಭಾಷೆಯಲ್ಲಿ ಹೆಚ್ಚು ಬಾಳಿದ್ದಾನೆ.

ಈಚಿನ ಬಳಕೆಗಳಲ್ಲಿ ಬ್ರಸೆಲ್ಸಿನಲ್ಲಿ ಹುಟ್ಟಿದ ಗೊಡೈವಾ ಚಾಕೊಲೇಟು ಸುಪರಿಚಿತ. ಅಶ್ವಾರೂಢೆ ಅಲ್ಲಿ ಬರಿಯ ಮುದ್ರೆ. ಇದಕ್ಕಿಂತ ವಿಚಿತ್ರವಾದುದು ಅಮೆರಿಕದ ಲಾಸ್ ಅಲಮೋಸಿನ ವಿಜ್ಞಾನಿಗಳು 1950ರ ದಶಕದಲ್ಲಿ ‘ಲೇಡಿ ಗೊಡೈವಾ’ ಎಂದು ಕರೆದ ಯಂತ್ರ. ಅದು ನ್ಯೂಟ್ರಾನುಗಳನ್ನು ಹಿಂದಕ್ಕೆ ತಿರುಗಿಸುವ ಹೊದಿಕೆಯಿಲ್ಲದ ಯುರೇನಿಯಂ ಗೋಳ. ಹೊದಿಕೆಯಿಲ್ಲವೆಂಬುದೊಂದೇ ಸಾದೃಶ್ಯ, 1957ರ ಅಪಘಾತದಲ್ಲಿ ಅದು ದುರಸ್ತಿಗೆ ಮೀರಿ ಕೆಟ್ಟಿತು. ಎರಡೆಡೆಯೂ ಸುಂಕದ ಸುಳಿವಿಲ್ಲ.