ಚಂದ್ರಮತಿಯ ನಿರೀಕ್ಷೆ ಮತ್ತು ಸಹೃದಯನ ಕಣ್ಣೀರು

ಕಾವ್ಯವನ್ನೋದುತ್ತಿರುವಾಗ, ನಾಟಕ ಚಲನಚಿತ್ರಗಳನ್ನು ನೋಡುತ್ತಿರುವಾಗ, ಸಂಗೀತವನ್ನು ಆಲಿಸುತ್ತಿರುವಾಗ ಇದ್ದಕ್ಕಿದ್ದಂತೆ ಗಂಟಲು ಕಟ್ಟಿ, ಮೈ ನವಿರೆದ್ದು, ಕಣ್ಣು ತುಂಬಿ ಬರುವ ಗಳಿಗೆಯೊಂದುಂಟು. ಅದು ಬಾ ಎಂದರೆ ಬರುವುದಿಲ್ಲ. ಬೇಡವೆಂದರೆ ನಿಲ್ಲುವುದೂ ಇಲ್ಲ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿದ ಭರತಮುನಿಯು, ಇವು ಮನಸ್ಸಿನ ಏಕಾಗ್ರತೆಯಿಂದ ಹುಟ್ಟತಕ್ಕವು, ಅನ್ಯಮನಸ್ಕನಾದವನಿಂದ ಸಾಧ್ಯವಾಗತಕ್ಕವಲ್ಲ ಎಂದು ತಿಳಿಸಿದ್ದಾನೆ. ಆತ ಹೇಳಿದ್ದು ನಟನನ್ನು ಕುರಿತು. ಆದರೆ ಪ್ರೇಕ್ಷಕನಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಬೇರೆಲ್ಲೋ ಮನಸ್ಸಿಟ್ಟು ಕುಳಿತವನ ಕಣ್ಣಿನಲ್ಲಿ ಯಾವ ಮಹಾಕವಿಯೂ ನೀರು ತರಿಸಲಾರ.

ಈ ಗಳಿಗೆ ಹೇಗೆ ಒದಗುತ್ತದೆ, ಅದರ ಬೆಲೆಯೇನು ಎಂಬ ಪ್ರಶ್ನೆಗಳಿಗೆ ಕನ್ನಡದಲ್ಲಿ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ಕ್ಕಿಂತ ಒಳ್ಳೆಯ ಪರೀಕ್ಷಾಸ್ಥಳ ದೊರೆಯಲಾರದು. ಒಂದು ಕಾರಣ, ಆ ಕಥೆಗೆ ಅಳದವರು ವಿರಳ. ಎರಡನೆಯ ಕಾರಣ, ಆ ಅಳುವಿನ ಯೋಗ್ಯತೆಯನ್ನು ಕವಿಯ ಗುರುವೇ ಪ್ರಶ್ನಿಸಿದನೆಂಬ ಐತಿಹ್ಯ.

ಕಥೆ ಎಲ್ಲರೂ ಬಲ್ಲದ್ದು. ಕಾಶಿಯಲ್ಲಿ ಹೆಂಡತಿಯೂ ಮಗನೂ ಬ್ರಾಹ್ಮಣನೊಬ್ಬನಿಗೆ ಮಾರಾಟವಾಗಿದ್ದಾರೆ. ರಾಜನು ವೀರಬಾಹುವಿನ ಆಳಾಗಿ ಸುಡುಗಾಡನ್ನು ಕಾಯುತ್ತಿದ್ದಾನೆ. ಓರಗೆಯ ಹುಡುಗರೊಡನೆ ಕಾಡಿಗೆ ಹೋದ ಲೋಹಿತಾಶ್ವನು ಹಾವು ಕಚ್ಚಿ ಸಾಯುತ್ತಾನೆ. ಆತ ಸತ್ತದ್ದು ಓದುಗನಿಗೆ ಗೊತ್ತು, ತಾಯಿಗೆ ಗೊತ್ತಿಲ್ಲ. ಕವಿಯ ಪ್ರತಿಭೆ ಕೆಲಸ ಮಾಡುವುದು ಈ ನಡುವಣ ಹೊತ್ತಿನಲ್ಲಿ. ಹೊತ್ತು ಇಳಿಯುತ್ತದೆ. ಚಂದ್ರಮತಿ ದಾರಿ ನೋಡುತ್ತಾಳೆ. ಯಾರಾದರೂ ಬಂದರೆ ಮಗನ ಹೆಸರು, ದಾರಿಯಲ್ಲಿ ಯಾರಾದರೂ ನಿಂತರೆ ಮಗನ ಹೆಸರು, ಗಾಳಿಗೆ ಏನಾದರೂ ಸದ್ದಾದರೆ ಮತ್ತೆ ಅದೇ ಹೆಸರು. ಷಟ್ಪದಿಯ ಒಂದೊಂದು ಪಾದವೂ ಆ ಹೆಸರನ್ನು ಮುಟ್ಟಿ ಹಿಂದಿರುಗುತ್ತದೆ. ಇಲ್ಲಿ ಉಪಮೆಯಿಲ್ಲ, ವರ್ಣನೆಯ ಆಡಂಬರವಿಲ್ಲ, ಶೋಕದ ಬಗ್ಗೆ ಕವಿಯ ವ್ಯಾಖ್ಯಾನವಿಲ್ಲ. ಬರಿಯ ಕರೆ. ಮಗನನ್ನು ಹುಡುಕಿಕೊಂಡು ಹೊರಡೋಣವೆಂದರೆ, ಒಡೆಯನ ಮನೆಯ ಕೆಲಸ ಮುಗಿಯದೆ ತೊತ್ತಿಗೆ ಬಿಡುಗಡೆಯಿಲ್ಲ. ಮುಂದೆ ಶವದ ಮೇಲೆ ಬಿದ್ದು ಆಕೆ ಗೋಳಿಡುವ ಪದ್ಯಗಳು ದೀರ್ಘವಾಗಿವೆ, ಹೃದಯವಿದ್ರಾವಕವೂ ಆಗಿವೆ. ಆದರೂ ಓದುಗನ ಕಟ್ಟೆಯೊಡೆಯುವುದು ಅಲ್ಲಿಯಲ್ಲ, ಆ ಸಂಜೆಯ ಕರೆಯಲ್ಲಿಯೇ. ಗೋಳಾಟದಲ್ಲಿ ತಾಯಿಗೆ ತಿಳಿದಿರುವುದೂ ಓದುಗನಿಗೆ ತಿಳಿದಿರುವುದೂ ಒಂದೇ ಆಗಿಬಿಡುತ್ತದೆ. ಸಂಜೆಯಲ್ಲಿ ಮಾತ್ರ ಆಕೆಯ ಆಸೆಯ ಭಾರವನ್ನೂ ಅದರ ವ್ಯರ್ಥತೆಯ ಭಾರವನ್ನೂ ಓದುಗನೊಬ್ಬನೇ ಹೊರಬೇಕು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮನಸ್ಸನ್ನು ಕಲಕುವುದು ಅನಿರೀಕ್ಷಿತವಾದ ಆಘಾತವೆಂಬ ಸಾಮಾನ್ಯ ನಂಬಿಕೆ ಅರ್ಧ ಸತ್ಯ. ಗೊತ್ತಿದ್ದದ್ದೇ ಹೆಚ್ಚು ಕಲಕುತ್ತದೆ. ಇಲ್ಲದಿದ್ದರೆ ಹರಿಶ್ಚಂದ್ರನ ಕಥೆಗೆ ಎರಡನೆಯ ಬಾರಿ ಯಾರೂ ಅಳುತ್ತಿರಲಿಲ್ಲ. ಸಂಗೀತದಲ್ಲಿ ಇದು ಇನ್ನೂ ನಿಚ್ಚಳ. ತೀನ್ ತಾಲದ 16 ಮಾತ್ರೆಗಳು ಮುಗಿದೊಡನೆ ಸಮ ಬರುವುದೆಂದು ಕೇಳುಗನು ಬಲ್ಲ. ಆದರೂ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು (1910–1992) ತಾನಿನ ಎಳೆಯನ್ನು ಎಲ್ಲಿಯೂ ಕಡಿಯದಂತೆ ಹೆಣೆಯುತ್ತ ಹೋಗಿ, ಇನ್ನು ಇವರು ಬಂದು ಸೇರಲಾರರು ಎನ್ನಿಸುವಷ್ಟರಲ್ಲಿ ಸಮದ ಮೇಲೆ ಬಂದು ನಿಂತಾಗ ಸಭೆಯ ಬಾಯಿಂದ ತಾನಾಗಿ ಉದ್ಗಾರ ಹೊರಡುತ್ತಿತ್ತು. ಮಂಜೀಖಾನ್, ಬುರ್ಜೀಖಾನ್ ಸೋದರರಿಂದ ಜೈಪುರ–ಅತ್ರೌಲಿ ಪರಂಪರೆಯ ಗಾಯನವನ್ನು ಪಡೆದ ಅವರು ತಮ್ಮ ಆತ್ಮಕಥನಕ್ಕೆ ‘ನನ್ನ ರಸಯಾತ್ರೆ’ ಎಂದೇ ಹೆಸರಿಟ್ಟರು. ಅದೇ ಕಂಠದಲ್ಲಿ ವಚನಗಳನ್ನು ಕೇಳಿದವರಿಗೆ ಮಾತು ಎಲ್ಲಿ ಮುಗಿದು ಸ್ವರ ಎಲ್ಲಿ ಮೊದಲಾಯಿತೆಂದು ಹೇಳುವುದು ಕಷ್ಟ.

ಮಾಂಟ್ರಿಯಲ್ ನಗರದ ಸಂಶೋಧಕರು ಈ ರೋಮಾಂಚವನ್ನು ಪ್ರಯೋಗಶಾಲೆಯಲ್ಲಿ ಅಳೆದಿದ್ದಾರೆ. ಸಂಗೀತದಿಂದ ಮೈ ನವಿರೇಳುವಾಗ ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗಗಳು ಚುರುಕಾಗುತ್ತವೆಂದು 2001ರಲ್ಲಿ ಬ್ಲಡ್ ಮತ್ತು ಝಟೋರೆ ಎಂಬುವರು ತೋರಿಸಿದರು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಪ್ರಿಯವಾದ ಘಟ್ಟವು ಬರುವ ಮೊದಲಿನ ಕಾತರದಲ್ಲಿ ಮಿದುಳಿನ ಒಂದು ಭಾಗದಲ್ಲಿಯೂ ಆ ಘಟ್ಟವು ಬಂದಾಗ ಇನ್ನೊಂದು ಭಾಗದಲ್ಲಿಯೂ ಡೋಪಮೈನ್ ಎಂಬ ದ್ರವ್ಯ ಸ್ರವಿಸುವುದೆಂದು ಕಂಡುಕೊಂಡಿತು. ನಿರೀಕ್ಷೆ ಬೇರೆ, ಪ್ರಾಪ್ತಿ ಬೇರೆ. ಎರಡೂ ರಸದ ಅಂಗಗಳೇ. ಚಂದ್ರಮತಿಯ ಸಂಜೆಯನ್ನು ಬರೆದ ಕವಿಗೆ ಈ ಯಂತ್ರಗಳ ಸಾಕ್ಷ್ಯ ಬೇಕಾಗಿರಲಿಲ್ಲ. ಅದೇನೇ ಇರಲಿ, ಮೈಯಲ್ಲಿ ಏನಾಗುತ್ತದೆಂಬುದನ್ನು ವಿಜ್ಞಾನ ತಿಳಿಸೀತು. ಯಾವುದಕ್ಕಾಗಿ ಅಳುವುದು ಯೋಗ್ಯವೆಂಬುದು ಅದರ ಪ್ರಶ್ನೆಯಲ್ಲ.

ಭಾರತೀಯ ಚಲನಚಿತ್ರದ ಚರಿತ್ರೆಯೂ ಇದೇ ಕಥೆಯಿಂದ ಮೊದಲಾದದ್ದು ಗಮನಾರ್ಹ. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರಲ್ಲಿ ಮುಂಬಯಿಯಲ್ಲಿ ತೆರೆ ಕಂಡಿತು. ಮಾತಿಲ್ಲದ ಆ ಚಿತ್ರದಲ್ಲಿ ರಾಣಿಯ ಪಾತ್ರವನ್ನು ವಹಿಸಿದವರು ಸಾಳುಂಕೆ ಎಂಬ ಪುರುಷ ನಟರು. ಕನ್ನಡದಲ್ಲಿ 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದ ‘ಸತ್ಯ ಹರಿಶ್ಚಂದ್ರ’ ಬಂದಿತು. ರಾಜಕುಮಾರ್ ಮತ್ತು ಪಂಢರಿಬಾಯಿಯವರು ರಾಜರಾಣಿಯರಾದ ಆ ಚಿತ್ರವು 2008ರಲ್ಲಿ ಬಣ್ಣ ತಳೆದು ಮತ್ತೆ ಬಿಡುಗಡೆಯಾದಾಗ ಹೊಸ ತಲೆಮಾರಿನವರೂ ಅದನ್ನು ನೋಡಿದರು. (ಬಣ್ಣವು ಸುಡುಗಾಡಿನ ಕತ್ತಲೆಗೆ ಏನನ್ನು ಕೂಡಿಸಿತೆಂಬುದು ಚರ್ಚಾಸ್ಪದ, ಕಪ್ಪುಬಿಳುಪಿನಲ್ಲಿ ಚಿತೆಯ ಬೆಳಕಿಗೆ ಇದ್ದ ಮಹತ್ತ್ವವೇ ಬೇರೆ.) ಚಲನಚಿತ್ರದ ಬಲ ರಾಘವಾಂಕನ ಸಂಜೆಯಲ್ಲಿಲ್ಲ, ರಾತ್ರಿಯಲ್ಲಿದೆ. ತನ್ನ ಮಗನ ಹೆಣವನ್ನು ಸುಡಲು ಬಂದ ಹೆಂಡತಿಯಿಂದಲೇ ಸುಡುಗಾಡಿನ ತೆರೆಯನ್ನು ಕೇಳಬೇಕಾದ ತಂದೆ ಅಲ್ಲಿದ್ದಾನೆ. ಮಗು ಸತ್ತದ್ದು ದುಃಖ. ಅದಕ್ಕೆ ಪ್ರತಿಯೊಬ್ಬರೂ ಅಳಬಲ್ಲರು. ಆದರೆ ತೆರೆಯನ್ನು ಕೇಳುವ ಆ ಧ್ವನಿ ಅಳುವುದಿಲ್ಲ, ಅಳಬಾರದು. ಆದ್ದರಿಂದಲೇ ಪ್ರೇಕ್ಷಕ ಅಳುತ್ತಾನೆ. ರಂಗಭೂಮಿಯಲ್ಲಿ ಪಳಗಿದ ರಾಜಕುಮಾರರ ಕಂಠಕ್ಕೆ ಈ ಸಂಯಮದ ಮರ್ಮ ತಿಳಿದಿತ್ತು.

ಈ ಮಾನದಂಡವನ್ನು ಹಿಡಿದರೆ ಅಗ್ಗದ ಕಣ್ಣೀರು ಯಾವುದೆಂಬುದೂ ತಿಳಿಯುತ್ತದೆ. ಪಾತ್ರವು ಅಳುತ್ತಿದೆ, ಪಿಟೀಲುಗಳು ಅಳುತ್ತಿವೆ, ಪಕ್ಕದ ಪಾತ್ರಗಳೂ ಅಳುತ್ತಿವೆ. ಇಷ್ಟರ ಮೇಲೆ ಪ್ರೇಕ್ಷಕನಿಗೆ ಮಾಡಲು ಏನು ಉಳಿಯಿತು? ಅನೇಕ ಸಾಂಸಾರಿಕ ಚಿತ್ರಗಳ, ಕಾದಂಬರಿಗಳ ಕೊನೆಯ ಪುಟಗಳ ಸೋಲು ಇದೇ. ಅಲ್ಲಿಯೂ ಕರವಸ್ತ್ರ ಒದ್ದೆಯಾಗುತ್ತದೆ, ನಿಜ. ಬೀದಿಗೆ ಬರುವಷ್ಟರಲ್ಲಿ ಆರಿಯೂ ಹೋಗುತ್ತದೆ. ಆದರೆ ಹೀಗೆ ಹೇಳುವ ವಿದ್ವಾಂಸರು ಕಣ್ಣೀರನ್ನೇ ಕೀಳುಗಳೆಯುವ ಇನ್ನೊಂದು ಅತಿರೇಕಕ್ಕೆ ಹೋಗುವುದುಂಟು. ಒಣ ಕಣ್ಣು ವಿಮರ್ಶಕನ ಲಕ್ಷಣವೆಂದು ಯಾವ ಆಲಂಕಾರಿಕನೂ ಬರೆದಿಲ್ಲ.

ಮೋಹನದಾಸ ಗಾಂಧಿಯವರ ಉದಾಹರಣೆ ಇಲ್ಲಿ ನೆನೆಯತಕ್ಕದ್ದು. ಬಾಲ್ಯದಲ್ಲಿ ನೋಡಿದ ಹರಿಶ್ಚಂದ್ರನ ನಾಟಕವು ತಮ್ಮನ್ನು ಬೆಂಬಿಡದೆ ಕಾಡಿತೆಂದೂ, ಅದನ್ನು ತಮ್ಮೊಳಗೇ ಲೆಕ್ಕವಿಲ್ಲದಷ್ಟು ಬಾರಿ ಆಡಿಕೊಂಡು ಅತ್ತದ್ದುಂಟೆಂದೂ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಹರಿಶ್ಚಂದ್ರನು ಐತಿಹಾಸಿಕ ವ್ಯಕ್ತಿಯಾಗಿರಲಾರನೆಂದು ವಿವೇಕ ಹೇಳಿದರೂ ಆತ ತಮಗೆ ಜೀವಂತ ಸತ್ಯವೆಂಬುದು ಅವರ ನಿಲುವು. ಎಲ್ಲರೂ ಹರಿಶ್ಚಂದ್ರನಂತೆ ಏಕಾಗಬಾರದೆಂದು ಆ ಹುಡುಗ ಕೇಳಿಕೊಂಡ ಪ್ರಶ್ನೆ ಎಲ್ಲಿಯವರೆಗೆ ಹೋಯಿತೆಂಬುದನ್ನು ಲೋಕ ಬಲ್ಲದು. ಭಟ್ಟನಾಯಕ, ಅಭಿನವಗುಪ್ತರು ಹೇಳಿದ ಸಾಧಾರಣೀಕರಣಕ್ಕೆ ಇದಕ್ಕಿಂತ ಒಳ್ಳೆಯ ಲೌಕಿಕ ನಿದರ್ಶನ ಬೇಡ: ಅಯೋಧ್ಯೆಯ ಅರಸನ ದುಃಖ ಅವನದಾಗಿ ಉಳಿಯಲಿಲ್ಲ, ಕಾಠಿಯಾವಾಡದ ಹುಡುಗನ ಸ್ವಂತ ದುಃಖವೂ ಅದಾಗಿರಲಿಲ್ಲ.

ಆದರೂ ಹರಿಹರನ ಆಕ್ಷೇಪ ಉಳಿದೇ ಇದೆ. ನಂತರದ ಚರಿತ್ರೆಗಳು ಹೇಳುವಂತೆ, ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಶಿವಶರಣರನ್ನು ಬಿಟ್ಟು ಅರಸನೊಬ್ಬನ ಮೇಲೆ ಕಾವ್ಯ ಬರೆದನೆಂದು ಹರಿಹರನು ಕೋಪದಿಂದ ಹಾವುಗೆಯಲ್ಲಿ ಹೊಡೆಯಲು ಐದು ಹಲ್ಲುಗಳು ಉದುರಿದವು. ಐದು ಶೈವಕೃತಿಗಳನ್ನು ರಚಿಸಿದ ಮೇಲೆ ಅವು ಮರಳಿ ಬಂದವು. ಇದು ಐತಿಹ್ಯ; ಆದರೆ ಅದರ ಹಿಂದಿನ ಪ್ರಶ್ನೆ ಹುಸಿಯಲ್ಲ. ಪಶ್ಚಿಮದಲ್ಲಿ ಸಂತ ಅಗಸ್ಟೀನನೂ ತನ್ನ ಆತ್ಮನಿವೇದನೆಯಲ್ಲಿ, ತನ್ನ ದುರ್ಗತಿಗೆ ಅಳದೆ ಕಾವ್ಯದ ನಾಯಕಿ ಡೈಡೋ ಸತ್ತಳೆಂದು ಅತ್ತ ಬಾಲ್ಯಕ್ಕಾಗಿ ಪರಿತಪಿಸಿದ್ದಾನೆ. ಹರಿಹರನ ರಗಳೆಗಳಲ್ಲಿ ಶರಣರಿಗೆ ಲಿಂಗದೆದುರು ಪುಲಕವೂ ಆನಂದಾಶ್ರುವೂ ಉಕ್ಕಿ ಹರಿಯುತ್ತವೆ. ಅಂಥ ಕಣ್ಣೀರನ್ನು ಬಲ್ಲವನು, ಅದೇ ಕಣ್ಣು ಮರ್ತ್ಯನ ಪಾಡಿಗೆ ಒಸರುವುದನ್ನು ಕಂಡು ಸಿಡಿಮಿಡಿಗೊಂಡರೆ ಆಶ್ಚರ್ಯವಿಲ್ಲ. ಭಕ್ತಿಗೆ ಮೀಸಲಾದ ದ್ರವ್ಯವು ವಿನೋದಕ್ಕೆ ವ್ಯಯವಾಯಿತೆಂಬುದು ಅವನ ಸಂಕಟವಾಗಿದ್ದಿರಬೇಕು.

ರಾಘವಾಂಕನ ಉತ್ತರವೊಂದು ಹರಿಶ್ಚಂದ್ರ ಕಾವ್ಯದೊಳಗೇ ಇದೆ. ಸತ್ಯಕ್ಕೂ ಹರನಿಗೂ ಭೇದವಿಲ್ಲವೆಂಬ ಸೂತ್ರದ ಮೇಲೆ ಆ ಕಾವ್ಯ ನಿಂತಿದೆ. ಹೆಂಡತಿಯ ಕೊರಳ ಮೇಲೆ ಕತ್ತಿಯೆತ್ತಿದ ಗಳಿಗೆಯಲ್ಲಿ ಕಾಶಿಯ ವಿಶ್ವನಾಥನೇ ಪ್ರತ್ಯಕ್ಷನಾಗುತ್ತಾನೆ. ಆದರೆ ತತ್ತ್ವವಾಗಿ ಹೇಳಿದ ಈ ಉತ್ತರ ರಸವಾಗಿ ಅಷ್ಟು ತೃಪ್ತಿ ಕೊಡುವುದಿಲ್ಲ. ಓದುಗನ ಮನಸ್ಸು ಇನ್ನೂ ಆ ಸಂಜೆಯ ದಾರಿಯಲ್ಲಿಯೇ ನಿಂತಿರುತ್ತದೆ.

ಹೆಚ್ಚು ಒಪ್ಪಿತವಾದ ಉತ್ತರ ‘ಸಿದ್ಧರಾಮ ಚಾರಿತ್ರ’ದಲ್ಲಿ ದೊರೆಯುತ್ತದೆ. ಸೊನ್ನಲಿಗೆಯ ಹೊಲದಲ್ಲಿ ಬಾಲಕ ಸಿದ್ಧರಾಮನಿಗೆ ಜಂಗಮರೂಪದ ಮಲ್ಲಯ್ಯನು ಕಾಣಿಸಿಕೊಂಡು ಉಣಲು ಬೇಡುತ್ತಾನೆ. ಹುಡುಗ ಮನೆಗೆ ಓಡಿ ಉಣಿಸನ್ನು ತಂದರೆ ಹೊಲದಲ್ಲಿ ಯಾರೂ ಇಲ್ಲ. ಆಗ ಅವನು ಕರೆಯತೊಡಗುತ್ತಾನೆ. ಮಲ್ಲಯ್ಯ ಎಂಬ ಒಂದೇ ಹೆಸರು ಹೊಲದಲ್ಲಿ, ದಾರಿಯಲ್ಲಿ, ಶ್ರೀಶೈಲಕ್ಕೆ ಹೊರಟ ಯಾತ್ರಿಕರ ನಡುವೆ, ಬೆಟ್ಟದ ಕಲ್ಲುಗಳ ನಡುವೆ ಮತ್ತೆ ಮತ್ತೆ ಏಳುತ್ತದೆ. ಮಾತಿನ ನಡೆ ಅದೇ, ಕರೆಯ ಆರ್ತತೆ ಅದೇ. ಮಗನನ್ನು ಕರೆದ ತಾಯಿಯ ಕೊರಳನ್ನು ಕವಿಯು ದೇವರನ್ನು ಕರೆಯುವ ಮಗುವಿನ ಬಾಯಿಗೆ ಇಟ್ಟಿದ್ದಾನೆ. ಕಾಶಿಯ ಆ ಸಂಜೆ ಯಾರೂ ಓಗೊಡಲಿಲ್ಲ. ಇಲ್ಲಿ, ಹುಡುಗನು ಕೊರಕಲಿನ ಅಂಚಿನಿಂದ ಕೆಳಕ್ಕೆ ಹಾರುವ ಹೊತ್ತಿಗೆ, ಕೈಯೊಂದು ಬಂದು ಹಿಡಿದುಕೊಳ್ಳುತ್ತದೆ.