ಲೆಕ್ಕವೋ, ನಿವೇದನೆಯೋ? ಆಸ್ಟ್ರೇಲಿಯಾದ ನಾಲ್ಕು ಭಾಷಣಗಳ ಒಂದು ಅವಲೋಕನ

ಜನವರಿ 26 ನಮಗೆ ಗಣರಾಜ್ಯೋತ್ಸವದ ದಿನ. ಆಸ್ಟ್ರೇಲಿಯಾದವರಿಗೂ ಅದೇ ರಾಷ್ಟ್ರೀಯ ದಿನ. ಆದರೆ ಎರಡು ಆಚರಣೆಗಳ ಮೂಲ ಬೇರೆ. ನಾವು ನಮ್ಮದೇ ಸಂವಿಧಾನವನ್ನು ಜಾರಿಗೆ ತಂದುಕೊಂಡ ದಿನವನ್ನು ಸ್ಮರಿಸುತ್ತೇವೆ. ಅವರು 1788ರಲ್ಲಿ ಬ್ರಿಟಿಷರು ಸಿಡ್ನಿಯ ದಡದಲ್ಲಿ ಧ್ವಜ ನೆಟ್ಟ ದಿನವನ್ನು ಸ್ಮರಿಸುತ್ತಾರೆ. ಸಾವಿರಾರು ವರ್ಷಗಳಿಂದ ಆ ನೆಲದಲ್ಲಿ ಬಾಳಿದ ಮೂಲನಿವಾಸಿಗಳಲ್ಲಿ ಅನೇಕರಿಗೆ ಅದು ಶೋಕದ ದಿನ. ತಮ್ಮ ನೆಲ ಯಾರಿಗೂ ಸೇರದ ನೆಲವೆಂದು ಪರಿಗಣಿತವಾದದ್ದನ್ನು ಅವರು ಕಂಡರು. ಆ ಕಲ್ಪನೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರ ಜೂನ್ 3ರಂದು, ಎಡ್ಡಿ ಮಾಬೊ ಹಾಗೂ ಸಂಗಡಿಗರು ಹೂಡಿದ್ದ ಮೊಕದ್ದಮೆಯಲ್ಲಿ. ತೀರ್ಪು ಕೇಳಲು ಮಾಬೊ ಬದುಕಿರಲಿಲ್ಲ.

ಇಂಥ ಗತಕಾಲವನ್ನು ಕುರಿತು ಒಂದು ರಾಷ್ಟ್ರವು ಬಹಿರಂಗವಾಗಿ ಮಾತನಾಡುವುದು ಹೇಗೆ? ಈ ಪ್ರಶ್ನೆಯನ್ನು ಎದುರಿಸಿದ ನಾಲ್ಕು ಭಾಷಣಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಬರಹದ ಉದ್ದೇಶ. ಅವು ನಾಲ್ಕು ಬಗೆಯ ಮನೋಧರ್ಮಗಳನ್ನು ತೋರುತ್ತವೆ. ಪಾಪನಿವೇದನೆಯ ಸಂಸ್ಕಾರವನ್ನು ಬಲ್ಲ ನಮಗೆ ಅವುಗಳಿಂದ ಕಲಿಯಬೇಕಾದದ್ದು ಇದೆ.

ಮೊದಲನೆಯದು 1968ರ ಬಾಯರ್ ಉಪನ್ಯಾಸಮಾಲೆ. ಆಸ್ಟ್ರೇಲಿಯಾದ ಬಾನುಲಿ ಸಂಸ್ಥೆ ಪ್ರತಿವರ್ಷ ಒಬ್ಬ ಗಣ್ಯರಿಂದ ಏರ್ಪಡಿಸುತ್ತ ಬಂದ ಉಪನ್ಯಾಸಗಳಿವು. ಆ ವರ್ಷ ಮಾತನಾಡಿದವರು ಮಾನವಶಾಸ್ತ್ರಜ್ಞ ಡಬ್ಲ್ಯು. ಇ. ಎಚ್. ಸ್ಟ್ಯಾನರ್. ಅದರ ಹಿಂದಿನ ವರ್ಷವಷ್ಟೇ ಮೂಲನಿವಾಸಿಗಳನ್ನು ಜನಗಣತಿಯ ಲೆಕ್ಕದಿಂದ ಹೊರಗಿಡುತ್ತಿದ್ದ ಸಂವಿಧಾನದ ವಿಧಿಯನ್ನು ಕಿತ್ತುಹಾಕಲು ಶೇಕಡಾ 90ಕ್ಕೂ ಹೆಚ್ಚು ಮತದಾರರು ಒಪ್ಪಿಗೆ ನೀಡಿದ್ದರು. ದೇಶ ತನ್ನ ಉದಾರತೆಗೆ ತಾನೇ ಹಿಗ್ಗುತ್ತಿದ್ದ ಹೊತ್ತಿನಲ್ಲಿ ಸ್ಟ್ಯಾನರ್ ಒಂದು ಅಹಿತಕರ ಸಂಗತಿಯನ್ನು ಮುಂದಿಟ್ಟರು. ತಮ್ಮ ಎರಡನೆಯ ಉಪನ್ಯಾಸದಲ್ಲಿ ಅವರು ಹಿಂದಿನ ದಶಕಗಳ ಇತಿಹಾಸ ಗ್ರಂಥಗಳನ್ನು ಪರಿಶೀಲಿಸಿ, ಮೂಲನಿವಾಸಿಗಳ ವಿಷಯ ಅವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದು ತೋರಿಸಿದರು. ಇಷ್ಟೊಂದು ವ್ಯಾಪಕವಾದ ಮರೆವು ಕೇವಲ ಅಲಕ್ಷ್ಯದಿಂದ ಆಗಲಾರದು. ಭೂದೃಶ್ಯದ ಒಂದು ಭಾಗ ಕಾಣದಂತೆ ಕಿಟಕಿಯನ್ನೇ ಎಣಿಸಿ ಇಟ್ಟ ಹಾಗೆ ಅದು ರಚನೆಯಲ್ಲಿಯೇ ಅಡಗಿದೆ ಎಂಬುದು ಅವರ ವಾದ. ಅದಕ್ಕೆ ಅವರು ಕೊಟ್ಟ ಹೆಸರು ಆಸ್ಟ್ರೇಲಿಯಾದ ಮಹಾಮೌನ.

ಈ ಉಪನ್ಯಾಸದ ಹಿರಿಮೆ ಅದರ ಸಂಯಮದಲ್ಲಿದೆ. ಸ್ಟ್ಯಾನರ್ ಯಾರನ್ನೂ ದೂಷಿಸುವುದಿಲ್ಲ. ಸಜ್ಜನರೂ ವಿದ್ವಾಂಸರೂ ಆದವರು ಹೇಗೆ ಕಾಣದೆ ಹೋದರೆಂಬುದನ್ನು ಬಿಡಿಸಿ ಹೇಳುತ್ತಾರೆ. ಉತ್ತರ ಪ್ರದೇಶದ ಪೋರ್ಟ್ ಕೀಟ್ಸ್‌ನಲ್ಲಿ 1935ರಲ್ಲಿ ಕಥೋಲಿಕ ಮಿಷನ್ ಆರಂಭವಾದಾಗ ಅವರು ಫಾದರ್ ಡಾಕರ್ಟಿಯವರೊಡನೆ ಅಲ್ಲಿದ್ದವರು. ಮೂಲನಿವಾಸಿಗಳ ಧಾರ್ಮಿಕ ಜೀವನವನ್ನು ಗಂಭೀರವಾದ ಧರ್ಮವೆಂದು ಗೌರವಿಸಿ ಬರೆದವರು. ಆದರೂ ಅವರ ವಾದದಲ್ಲಿ ಒಂದು ಕೊರತೆ ಇದೆ. ಮೌನ ಎಂಬ ಮಾತು ಯಾರೂ ಮಾತನಾಡಲಿಲ್ಲವೆಂಬ ಭಾವನೆಯನ್ನು ಹುಟ್ಟಿಸುತ್ತದೆ. ವಾಸ್ತವವಾಗಿ 1938ರ ಜನವರಿ 26ರಂದು, ಬ್ರಿಟಿಷರ ಆಗಮನದ 150ನೆಯ ವರ್ಷದ ಸಂಭ್ರಮದ ನಡುವೆಯೇ, ಮೂಲನಿವಾಸಿ ಮುಖಂಡರು ಸಿಡ್ನಿಯಲ್ಲಿ ಸಭೆ ಸೇರಿ ಶೋಕದಿನವನ್ನು ಆಚರಿಸಿದ್ದರು. ಅವರಲ್ಲಿ ಹಿರಿಯರಾದ ವಿಲಿಯಂ ಕೂಪರ್ ದೃಢ ಕ್ರೈಸ್ತ ವಿಶ್ವಾಸಿ. ತಮ್ಮ ಜನರ ಪರವಾಗಿ ದೊರೆಗೆ ಸಲ್ಲಿಸಲು ಸಹಿ ಸಂಗ್ರಹಿಸಿದವರು. ಹಾಗಾದರೆ ಇದ್ದದ್ದು ಮೌನವಲ್ಲ, ಕಿವುಡು. ಕಂಡು ಹೇಳುವವನಷ್ಟೇ ಸಾಲದು, ಕೇಳುವವನೂ ಬೇಕು.

ಎರಡನೆಯದು ಪ್ರಧಾನಿ ಪಾಲ್ ಕೀಟಿಂಗ್ 1992ರ ಡಿಸೆಂಬರ್ 10ರಂದು ಸಿಡ್ನಿಯ ರೆಡ್‌ಫರ್ನ್ ಉದ್ಯಾನದಲ್ಲಿ ಮಾಡಿದ ಭಾಷಣ. ಅದರ ಬಲವೆಲ್ಲ ಇರುವುದು ಒಂದು ಸರ್ವನಾಮದಲ್ಲಿ: 'ನಾವು'. ನೆಲವನ್ನು ಕಸಿದುಕೊಂಡವರು ನಾವು, ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿದವರು ನಾವು, ಇವೆಲ್ಲ ನಮಗೇ ಆಗಿದ್ದರೆ ಎಂದು ಕಲ್ಪಿಸಿಕೊಳ್ಳಲು ಸೋತವರು ನಾವು ಎಂಬುದು ಅದರ ಸಾರ. ಅಧಿಕಾರದಲ್ಲಿರುವವರು ತಪ್ಪುಗಳ ಬಗ್ಗೆ ಮಾತನಾಡುವಾಗ ಸಾಮಾನ್ಯವಾಗಿ ಕರ್ಮಣಿ ಪ್ರಯೋಗವನ್ನು ಆಶ್ರಯಿಸುತ್ತಾರೆ: ಅನ್ಯಾಯ ನಡೆಯಿತು, ನೋವು ಉಂಟಾಯಿತು. ಕರ್ತೃವೇ ಇಲ್ಲದ ಈ ವಾಕ್ಯಗಳನ್ನು ಕೀಟಿಂಗ್ ದೂರವಿಟ್ಟರು.

ಮೂರನೆಯದು ಮರುವರ್ಷ, 1993ರಲ್ಲಿ, ಇತಿಹಾಸಕಾರ ಜೆಫ್ರಿ ಬ್ಲೇನಿ ನೀಡಿದ ಲೇಥಮ್ ಸ್ಮಾರಕ ಉಪನ್ಯಾಸ. ಹಳೆಯ ಇತಿಹಾಸ ಅತಿಯಾಗಿ ಜಯಕಾರ ಹಾಕಿತು. ಹೊಸ ಇತಿಹಾಸ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಸದಾ ಶೋಕಿಸುತ್ತದೆ. ಎರಡೂ ಅತಿರೇಕ ಎಂದರು ಅವರು. ಕಪ್ಪುಪಟ್ಟಿಯ ಮಾತು ರಾಜಕೀಯಕ್ಕೆ ಬಹುಬೇಗ ದಾಟಿತು. 1996ರಲ್ಲಿ ಪ್ರಧಾನಿಯಾದ ಜಾನ್ ಹೊವಾರ್ಡ್ ಅದನ್ನು ಬಳಸಿದರು. ಬ್ಲೇನಿಯವರ ಎಚ್ಚರಿಕೆಯನ್ನು ಸಾರಾಸಗಟಾಗಿ ತಳ್ಳಿಹಾಕಬಾರದು. ಬರಿಯ ನಾಚಿಕೆಯಿಂದ ಯಾವ ಜನಾಂಗವೂ ಬದುಕಲಾರದು. ಹಿರಿಯರ ಶ್ರಮಕ್ಕೆ ಕೃತಜ್ಞತೆ ಸಲ್ಲಿಸುವುದೂ ಸತ್ಯದ ಒಂದು ಭಾಗವೇ. ಆದರೆ ಅವರ ಉಪನ್ಯಾಸ ಮುದ್ರಣಗೊಂಡ ಶೀರ್ಷಿಕೆಯಲ್ಲೇ ಅದರ ದೋಷವೂ ಇದೆ: ನಮ್ಮ ಇತಿಹಾಸದ ಜಮಾಖರ್ಚಿನ ಪಟ್ಟಿ ತಯಾರಿಸುವುದು.

ನೈತಿಕ ಜೀವನದಲ್ಲಿ ಜಮಾಖರ್ಚು ನಡೆಯುವುದಿಲ್ಲ. ಒಂದು ಆಸ್ಪತ್ರೆ ಕಟ್ಟಿದ ಪುಣ್ಯದಿಂದ ಒಂದು ಕೊಲೆಯನ್ನು ಕಳೆಯಲಾಗದು. ಪಾಪನಿವೇದನೆಗೆ ಹೋದವನು ತನ್ನ ದಾನಧರ್ಮಗಳ ಪಟ್ಟಿಯನ್ನು ಜೊತೆಗೆ ಒಯ್ಯುವುದಿಲ್ಲ. ಸಂತ ಲೂಕನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಅಂಥ ಪಟ್ಟಿಯನ್ನು ಒಯ್ದವನು ಫರಿಸಾಯ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಉಪವಾಸ ನಿಜ, ದಶಾಂಶ ನಿಜ. ಆದರೂ ನೀತಿವಂತನಾಗಿ ಮನೆಗೆ ಹೋದವನು ಸುಂಕದವನು.

'ನಾವೇನು ಮಾಡಿದೆವು? ಮಾಡಿದವರು ಮುತ್ತಾತಂದಿರು' ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅದು ನ್ಯಾಯವಾದ ಪ್ರಶ್ನೆ. ದಾನಿಯೇಲನ ಗ್ರಂಥದ 9ನೆಯ ಅಧ್ಯಾಯ ಅದಕ್ಕೊಂದು ದಾರಿ ತೋರಿಸುತ್ತದೆ. ದಾನಿಯೇಲ ನಿಷ್ಕಳಂಕ, ದೇಶಭ್ರಷ್ಟತೆಗೆ ಕಾರಣವಾದ ಪಾಪಗಳು ಅವನವಲ್ಲ. ಆದರೂ ಪ್ರಾರ್ಥನೆಯಲ್ಲಿ ಅವನು ಪಿತೃಗಳ ಪಾಪವನ್ನು 'ನಾವು' ಎಂದೇ ನಿವೇದಿಸುತ್ತಾನೆ. ಹಿರಿಯರ ಆಸ್ತಿಯನ್ನು ಅನುಭವಿಸುವವರು ಅವರ ಸಾಲವನ್ನು ನಿರಾಕರಿಸಲಾರರು.

ಧರ್ಮಸಭೆಯೂ ಈ ಸಾಲದಿಂದ ಹೊರತಲ್ಲ. ಮೂಲನಿವಾಸಿ ಮಕ್ಕಳನ್ನು ಕುಟುಂಬಗಳಿಂದ ಕಿತ್ತುಕೊಂಡ ಬಗ್ಗೆ 1997ರಲ್ಲಿ ಪ್ರಕಟವಾದ ವರದಿಯ ಪ್ರಕಾರ, 1910ರಿಂದ 1970ರವರೆಗೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮಕ್ಕಳು ಹಾಗೆ ಬೇರ್ಪಟ್ಟರು. ಅವರಲ್ಲಿ ಅನೇಕರು ಬೆಳೆದದ್ದು ಕ್ರೈಸ್ತ ಮಿಷನ್ನುಗಳಲ್ಲಿ. ಜಗದ್ಗುರು ಎರಡನೇ ಜಾನ್ ಪೌಲರು 1986ರ ನವೆಂಬರ್ 29ರಂದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿಗಳನ್ನು ಭೇಟಿಯಾಗಿ, ಅವರ ಕೊಡುಗೆಯನ್ನು ಇತರರು ಆನಂದದಿಂದ ಸ್ವೀಕರಿಸುವ ತನಕ ಆಸ್ಟ್ರೇಲಿಯಾದ ಧರ್ಮಸಭೆ ಪೂರ್ಣವಾಗದು ಎಂಬ ಅರ್ಥದ ಮಾತನ್ನಾಡಿದರು. ಆವಿಷ್ಕಾರದ ಹೆಸರಿನಲ್ಲಿ ಪರರ ನೆಲದ ಮೇಲೆ ಹಕ್ಕು ಸ್ಥಾಪಿಸಿದ ಹಳೆಯ ಸಿದ್ಧಾಂತವನ್ನು ವ್ಯಾಟಿಕನ್ ಸ್ಪಷ್ಟವಾಗಿ ನಿರಾಕರಿಸಿದ್ದು 2023ರ ಮಾರ್ಚ್ 30ರಂದು.

ನಾಲ್ಕನೆಯದು 2022ರ ಬಾಯರ್ ಉಪನ್ಯಾಸಮಾಲೆ. ಈ ಬಾರಿ ಧ್ವನಿ ಮೂಲನಿವಾಸಿಯದೇ. ಲೂಥರನ್ ಮಿಷನ್ ಗ್ರಾಮವಾದ ಹೋಪ್ ವೇಲ್‌ನಲ್ಲಿ ಬೆಳೆದ ನೋಯೆಲ್ ಪಿಯರ್ಸನ್, ದೇಶಕ್ಕೆ ಮೂರು ಅಡಿಪಾಯಗಳಿವೆ ಎಂದರು: ಮೂಲನಿವಾಸಿಗಳ ಪ್ರಾಚೀನ ಪರಂಪರೆ, ಬ್ರಿಟಿಷರು ತಂದ ಸಂಸ್ಥೆಗಳು, ವಲಸೆ ಬಂದವರ ಬಹುಸಂಸ್ಕೃತಿ. ನೋವುಂಡವರ ಕಡೆಯಿಂದ ಬಂದವನು ಬ್ರಿಟಿಷ್ ಪರಂಪರೆಯನ್ನೂ ನಮ್ಮದೆನ್ನುವುದು ಸಣ್ಣ ಔದಾರ್ಯವಲ್ಲ. ಬ್ಲೇನಿ ಬಯಸಿದ ಕೃತಜ್ಞತೆಯೂ ಕೀಟಿಂಗ್ ಹೇಳಿದ ನಿವೇದನೆಯೂ ಇಲ್ಲಿ ಒಂದಾಗುತ್ತವೆ. ಒಂದನ್ನು ಇನ್ನೊಂದರಿಂದ ಕಳೆಯುವ ಲೆಕ್ಕ ಇಲ್ಲ. ಆದರೆ ಒಳ್ಳೆಯ ವಾದ ತನ್ನಷ್ಟಕ್ಕೆ ಗೆಲ್ಲುತ್ತದೆ ಎಂಬ ಅವರ ನಂಬಿಕೆ ಅತಿಯಾಯಿತೇನೋ. ಸಂಸತ್ತಿಗೆ ಸಲಹೆ ನೀಡುವ ಮೂಲನಿವಾಸಿಗಳ ಮಂಡಳಿಗೆ ಸಂವಿಧಾನದಲ್ಲಿ ಸ್ಥಾನ ಕೊಡುವ ಪ್ರಸ್ತಾಪ 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಬಿದ್ದುಹೋಯಿತು. ಸುಮಾರು ಶೇಕಡಾ 60 ಮಂದಿ ಬೇಡವೆಂದರು. ಆರೂ ರಾಜ್ಯಗಳು ನಿರಾಕರಿಸಿದವು. ಬೇಡವೆಂದವರಲ್ಲಿ ಮೂಲನಿವಾಸಿ ನಾಯಕರೂ ಇದ್ದುದರಿಂದ ಎಲ್ಲರನ್ನೂ ದ್ವೇಷಿಗಳೆನ್ನುವುದು ತಪ್ಪಾಗುತ್ತದೆ. ಆದರೆ ಸ್ಟ್ಯಾನರ್ ಕೆಲಸ ಮಾಡಿದ ಪೋರ್ಟ್ ಕೀಟ್ಸ್‌ನಲ್ಲಿ, ಈಗಿನ ವಡೆಯೆಯಲ್ಲಿ, ಬಿದ್ದ ಮತಗಳಲ್ಲಿ ಬಹುಪಾಲು 'ಬೇಕು' ಎಂಬವೇ.

ಇದೆಲ್ಲ ದೂರದ ಖಂಡದ ಮಾತೆಂದು ನಾವು ಪುಟ ತಿರುಗಿಸಬಹುದು. ಆದರೆ ಕಿಟಕಿಗಳು ನಮ್ಮ ಮನೆಗಳಲ್ಲಿಯೂ ಇವೆ. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದದ್ದನ್ನು ನಮ್ಮ ಕುಟುಂಬಗಳು ತಲೆಮಾರುಗಳಿಂದ ನೆನೆಯುತ್ತ ಬಂದಿವೆ, ನೆನೆಯಬೇಕಾದದ್ದೇ. ಅದೇ ಕಾಳಜಿಯಿಂದ ನಾವು ಮಾಡಿದ್ದನ್ನು ನೆನೆದಿದ್ದೇವೆಯೇ? ನಮ್ಮ ಧರ್ಮಸಭೆಯೊಳಗೆ ದಲಿತ ಕ್ರೈಸ್ತರು ಅನುಭವಿಸಿದ ತಾರತಮ್ಯವನ್ನು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ತನ್ನ ನೀತಿಪತ್ರದಲ್ಲಿ ಒಪ್ಪಿಕೊಂಡಿತು. ಆ ಪತ್ರ ಎಷ್ಟು ಧರ್ಮಕೇಂದ್ರಗಳಲ್ಲಿ ಓದಲ್ಪಟ್ಟಿದೆ, ಎಷ್ಟು ಮನೆಗಳಲ್ಲಿ ಚರ್ಚೆಯಾಗಿದೆ? ನಮ್ಮ ಮೇಲೆ ಆದ ಅನ್ಯಾಯವನ್ನು ಜಮಾ ಎಂದೂ ನಾವು ಮಾಡಿದ ಅನ್ಯಾಯವನ್ನು ಖರ್ಚೆಂದೂ ಬರೆದು ಸರಿದೂಗಿಸುವ ಆಸೆ ನಮ್ಮಲ್ಲಿಯೂ ಇದೆ.

ನಾಲ್ಕು ಭಾಷಣಗಳಲ್ಲಿ ಶ್ರೇಷ್ಠ ಯಾವುದೆಂದರೆ, ಚರಿತ್ರೆಯ ಬೆಳಕಿಗೆ ಸ್ಟ್ಯಾನರ್, ವಿಶಾಲ ದೃಷ್ಟಿಗೆ ಪಿಯರ್ಸನ್. ಆದರೆ ನಮ್ಮ ಕುಟುಂಬಗಳು ಮೊದಲು ಕಲಿಯಬೇಕಾದದ್ದು ಕೀಟಿಂಗರ ಆ ಒಂದು ಸರ್ವನಾಮವನ್ನು. 'ತಪ್ಪಾಯಿತು' ಎನ್ನುವುದು ಸುಲಭ. 'ನಾವು ತಪ್ಪಿದೆವು' ಎನ್ನುವುದು ಕಷ್ಟ. ಸಂಧಾನದ ಬಾಗಿಲು ತೆರೆಯುವುದು ಆ ಎರಡನೆಯ ಮಾತಿನಿಂದ.